ಗುರುವನ್ನರಸಿದ ಅಧ್ಯಾಪಕಿ

ಮನೋವಿಜ್ಞಾನಕ್ಕೆ ಮನೆಪಾಠ ಹೇಳುವವರು ಯಾರಾದರೂ ಇದ್ದಾರೆಯೇ ಎಂದು ಮೊನ್ನೆ ನೆರೆಮನೆಯ ಹುಡುಗಿ ಕೇಳಿದಳು. ಕನ್ನಡ ಮೇಷ್ಟರಾದ ನನಗೆ ಗ್ರೀಕ್ ಉಪಾಧ್ಯಾಯಿನಿಯೊಬ್ಬರ ನೆನಪಾಯಿತು.

ಅಮೆರಿಕದ ವೆಲ್ಸ್‌ಲಿ ಮಹಿಳಾ ಕಾಲೇಜಿನಲ್ಲಿ ಗ್ರೀಕ್ ಕಲಿಸುತ್ತಿದ್ದವರು ಮೇರಿ ವಿಟನ್ ಕಾಲ್ಕಿನ್ಸ್. ಒಂದು ವರ್ಷ ಓದಿ ಬಂದು ಮನೋವಿಜ್ಞಾನ ಕಲಿಸಿರೆಂದು ಕಾಲೇಜು ಹೇಳಿತು. ಓದುವುದೆಲ್ಲಿ? ಹಾರ್ವರ್ಡ್ ಹೆಂಗಸರನ್ನು ಸೇರಿಸುತ್ತಿರಲಿಲ್ಲ. ತಂದೆಯ ಮನವಿಯ ಮೇಲೆ 1890ರ ಅಕ್ಟೋಬರಿನಲ್ಲಿ, ವಿದ್ಯಾರ್ಥಿನಿಯೆಂದು ದಾಖಲಿಸದೆ, ಪಾಠ ಕೇಳಲು ಮಾತ್ರ ಒಪ್ಪಿತು. ವಿಲಿಯಂ ಜೇಮ್ಸರ ತರಗತಿಯನ್ನು ಉಳಿದವರು ಕೆಲವೇ ವಾರಗಳಲ್ಲಿ ಬಿಟ್ಟುಹೋದರು. ಅಗ್ಗಿಷ್ಟಿಕೆಯ ಎರಡು ಬದಿಗೆ ಗುರುಶಿಷ್ಯೆಯರಿಬ್ಬರೇ ಉಳಿದರು. ಆ ವರ್ಷವೇ ಅಚ್ಚಾಗಿದ್ದ ಜೇಮ್ಸರ ಮಹಾಗ್ರಂಥವೇ ಪಠ್ಯ. ಪ್ರಯೋಗಗಳನ್ನು ಕ್ಲಾರ್ಕ್ ವಿಶ್ವವಿದ್ಯಾನಿಲಯದ ಎಡ್ಮಂಡ್ ಸ್ಯಾನ್‌ಫರ್ಡ್ ಖಾಸಗಿಯಾಗಿ ಹೇಳಿಕೊಟ್ಟರು. 1891ರಲ್ಲಿ ಆಕೆ ವೆಲ್ಸ್‌ಲಿಯಲ್ಲಿ ಪ್ರಯೋಗಶಾಲೆ ತೆರೆದರು.

ಆಮೇಲೆ ಹಾರ್ವರ್ಡಿನಲ್ಲಿಯೇ ಹ್ಯೂಗೋ ಮನ್‌ಸ್ಟರ್‌ಬರ್ಗರ ಬಳಿ ಸಂಶೋಧನೆ. 1895ರಲ್ಲಿ ಪರೀಕ್ಷಕರು ಡಾಕ್ಟರೇಟಿಗೆ ಅರ್ಹರೆಂದರು. ಹಾರ್ವರ್ಡ್ ಪದವಿ ಕೊಡಲಿಲ್ಲ. 1902ರಲ್ಲಿ ಅದರ ಬದಲು ರ್ಯಾಡ್‌ಕ್ಲಿಫ್ ಕಾಲೇಜಿನ ಪದವಿ ಕೊಡಬಂದಾಗ ಆಕೆ ಒಲ್ಲೆನೆಂದರು. 1905ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ ಆಕೆಯೇ.

ವಿಶ್ವವಿದ್ಯಾನಿಲಯ ಮುಚ್ಚಿದ ಬಾಗಿಲನ್ನು ಮೂವರು ಗುರುಗಳು ತೆರೆದಿದ್ದರು. ನಮ್ಮ ಹುಡುಗಿಗೆ ಒಬ್ಬರಾದರೂ ಸಿಕ್ಕಾರು, ಹುಡುಕುತ್ತಿದ್ದೇನೆ.