ಗಡಿರಾಜ್ಯದ ಸೈನ್ಯಭರ್ತಿ: ಕೆಂಟಕಿಯ ನೆನಪು ಮತ್ತು ಸಾಕ್ಷ್ಯ

ಅಮೆರಿಕದ ಅಂತರ್ಯುದ್ಧವನ್ನು (1861-65) ಕುರಿತ ಕಥನಗಳಲ್ಲಿ ಕೆಂಟಕಿಯು ಅಣ್ಣನಿಗೆ ತಮ್ಮನೇ ಎದುರಾಳಿಯಾದ ನಾಡೆಂದು ಪ್ರಸಿದ್ಧವಾಗಿದೆ. ಈ ಆಶಯಕ್ಕೆ ಆಧಾರವಿಲ್ಲದಿಲ್ಲ. ಹಿರಿಯ ರಾಜಕಾರಣಿ ಜಾನ್ ಕ್ರಿಟೆಂಡನ್ ಅವರ ಪುತ್ರರಲ್ಲಿ ಜಾರ್ಜ್ ದಕ್ಷಿಣದ ಕಾನ್ಫೆಡರೇಟ್ ಸೇನೆಯಲ್ಲಿಯೂ ಥಾಮಸ್ ಒಕ್ಕೂಟದ ಸೇನೆಯಲ್ಲಿಯೂ ಮೇಜರ್ ಜನರಲ್ ಆಗಿದ್ದರು. ಆದರೆ ಒಂದು ಆಶಯವು ಏನನ್ನು ಉಳಿಸುತ್ತದೆ ಎಂಬುದರಷ್ಟೇ ಏನನ್ನು ಮರೆಸುತ್ತದೆ ಎಂಬುದೂ ಜಾನಪದ ಅಧ್ಯಯನಕ್ಕೆ ಮುಖ್ಯವಾದುದು.

1861ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಕನ್ 75,000 ಸ್ವಯಂಸೈನಿಕರನ್ನು ಕೇಳಿದಾಗ ರಾಜ್ಯಪಾಲ ಮಗೊಫಿನ್ ತಮ್ಮ ರಾಜ್ಯದಿಂದ ಯಾರನ್ನೂ ಕಳುಹಿಸಲು ನಿರಾಕರಿಸಿದರು. ಮೇ ತಿಂಗಳಲ್ಲಿ ಕೆಂಟಕಿ ತಟಸ್ಥ ನೀತಿಯನ್ನು ಘೋಷಿಸಿತು. ಆದರೂ ಭರ್ತಿ ನಿಲ್ಲಲಿಲ್ಲ. ದಕ್ಷಿಣದ ಪರವಾದವರು ಗಡಿ ದಾಟಿ ಟೆನೆಸಿಯ ಕ್ಯಾಂಪ್ ಬೂನ್ ಸೇರಿದರು. ಒಕ್ಕೂಟವಾದಿಗಳಿಗಾಗಿ ಆಗಸ್ಟ್‌ನಲ್ಲಿ ರಾಜ್ಯದೊಳಗೇ ಕ್ಯಾಂಪ್ ಡಿಕ್ ರಾಬಿನ್ಸನ್ ತೆರೆಯಿತು. ಸೆಪ್ಟೆಂಬರ್‌ನಲ್ಲಿ ಕಾನ್ಫೆಡರೇಟ್ ಪಡೆಯು ಕೊಲಂಬಸ್ ಪಟ್ಟಣವನ್ನು ಆಕ್ರಮಿಸಿದ ಮೇಲೆ ಶಾಸನಸಭೆ ಒಕ್ಕೂಟದ ಪಕ್ಷ ವಹಿಸಿತು.

ಇಲ್ಲಿಯವರೆಗಿನದು ಬಿಳಿಯರ ಆಯ್ಕೆಯ ಕಥೆ. 1860ರ ಜನಗಣತಿಯಂತೆ ಕೆಂಟಕಿಯಲ್ಲಿ 2,25,483 ಗುಲಾಮರಿದ್ದರು. ರಾಜ್ಯವು ಒಕ್ಕೂಟದಲ್ಲೇ ಉಳಿದಿದ್ದರಿಂದ 1863ರ ವಿಮೋಚನಾ ಘೋಷಣೆ ಇವರಿಗೆ ಅನ್ವಯಿಸಲಿಲ್ಲ. ಇವರಲ್ಲಿನ ಗಂಡಸರಿಗೆ ಸೈನ್ಯಭರ್ತಿಯೇ ಬಿಡುಗಡೆಯ ಬಾಗಿಲಾಯಿತು. 1864ರ ಆರಂಭದ ಭರ್ತಿಗೆ ಒಡೆಯನ ಒಪ್ಪಿಗೆ ಬೇಕಿತ್ತು. ಜೂನ್‌ನಲ್ಲಿ ಆ ನಿರ್ಬಂಧ ತೆರವಾಯಿತು. ಯುದ್ಧ ಮುಗಿಯುವ ವೇಳೆಗೆ ಸುಮಾರು 24,000 ಕರಿಯ ಸೈನಿಕರು ಈ ರಾಜ್ಯದಿಂದ ಸೇರಿದ್ದರು. ಲೂಯಿಸಿಯಾನವನ್ನು ಬಿಟ್ಟರೆ ಬೇರಾವ ರಾಜ್ಯವೂ ಇಷ್ಟು ಮಂದಿಯನ್ನು ನೀಡಲಿಲ್ಲ.

ಬಿಡುಗಡೆ ಸೈನಿಕನಿಗೆ ಮಾತ್ರ ದೊರೆಯಿತು. ಹೆಂಡತಿ ಮಕ್ಕಳು ಗುಲಾಮರಾಗಿಯೇ ಉಳಿದರು. ಜೋಸೆಫ್ ಮಿಲ್ಲರ್ ಎಂಬ ಸೈನಿಕನು ಕುಟುಂಬಸಮೇತ ಕ್ಯಾಂಪ್ ನೆಲ್ಸನ್‌ಗೆ ಬಂದಿದ್ದನು. ಅವನು ಸೇನೆ ಸೇರಿದರೆ ಕುಟುಂಬವನ್ನು ಸಾಕುವುದಿಲ್ಲವೆಂದು ಒಡೆಯ ಹೇಳಿದ್ದನು. 1864ರ ನವೆಂಬರ್‌ನ ಕಡುಚಳಿಯಲ್ಲಿ ಸೇನಾಧಿಕಾರಿಗಳು ಸುಮಾರು 400 ಹೆಂಗಸರು ಮಕ್ಕಳನ್ನು ಶಿಬಿರದಿಂದ ಹೊರಹಾಕಿದರು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಕಾಯಿಲೆ ಬಿದ್ದಿದ್ದ ತನ್ನ ಮಗನನ್ನು ಬಂಡಿಯಲ್ಲಿ ಸಾಗಿಸಿದುದನ್ನೂ ರಾತ್ರಿ ನಡೆದುಹೋಗಿ ನೋಡಿದಾಗ ಅವನು ಸತ್ತಿದ್ದುದನ್ನೂ ಮರುದಿನ ತಾನೇ ಗುಂಡಿ ತೋಡಿ ಹೂಳಿದುದನ್ನೂ ಮಿಲ್ಲರ್ ಪ್ರಮಾಣಪೂರ್ವಕವಾಗಿ ಹೇಳಿದನು. ಬರೆದುಕೊಂಡವರು ಬೇರೆಯವರು, ಕೆಳಗಿರುವುದು ಅವನು ಹಾಕಿದ ಗುರುತು ಮಾತ್ರ. ಕಡತದೊಳಗೆ ಉಳಿದಿರುವ ಮೌಖಿಕ ಸಾಕ್ಷ್ಯವಿದು. ಈ ಘಟನೆ ಎಬ್ಬಿಸಿದ ಆಕ್ರೋಶದ ಹಿನ್ನೆಲೆಯಲ್ಲಿ 1865ರ ಮಾರ್ಚ್ 3ರ ಶಾಸನವು ಸೈನಿಕರ ಹೆಂಡತಿ ಮಕ್ಕಳಿಗೂ ಬಿಡುಗಡೆ ನೀಡಿತು.

ಯುದ್ಧಾನಂತರ ಕೆಂಟಕಿಯಲ್ಲಿ ಎದ್ದ ಸ್ಮಾರಕಗಳಲ್ಲಿ ಹೆಚ್ಚಿನವು ಸೋತ ಕಾನ್ಫೆಡರೇಟರವು. ಕ್ಯಾಂಪ್ ನೆಲ್ಸನ್ ರಾಷ್ಟ್ರೀಯ ಸ್ಮಾರಕವಾದುದು 2018ರಲ್ಲಿ. ಸೋದರರ ಕಲಹವೆಂಬ ಕಥನವು ಇಬ್ಬರು ಸೋದರರನ್ನೂ ಗೌರವಿಸಿತು. ಅದೇ ಮನೆಯಲ್ಲಿ ಗುಲಾಮನಾಗಿದ್ದು ಸೈನಿಕನಾದ ಮೂರನೆಯವನಿಗೆ ಅದರಲ್ಲಿ ಸ್ಥಳವಿರಲಿಲ್ಲ. ಗಡಿರಾಜ್ಯದ ಸೈನ್ಯಭರ್ತಿಯ ಚರಿತ್ರೆಯನ್ನು ಅವನ ಸಾಕ್ಷ್ಯದಿಂದಲೂ ಓದಬೇಕಾಗಿದೆ.