ಹೊಳೆ ತಂದ ಮಣ್ಣು: ಈನೋ ಮತ್ತು ಟಾರ್ ದಂಡೆಗಳ ಚರಿತ್ರೆ

ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಸುತ್ತಮುತ್ತ ಮನೆ ಕೊಂಡ ನಮ್ಮ ಕನ್ನಡ ಬಂಧುಗಳೆಲ್ಲರೂ ಮೊದಲನೆಯ ಬೇಸಿಗೆಯಲ್ಲಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಇಲ್ಲಿಯ ಮಣ್ಣಿನಲ್ಲಿ ಏನೂ ಬರುವುದಿಲ್ಲ." ಊರಿನಿಂದ ತಂದ ಹೀರೆ, ಬದನೆ, ಮೆಂತ್ಯದ ಬೀಜ ಹಿತ್ತಲಿನ ಕೆಂಪು ಜೇಡಿಮಣ್ಣಿನಲ್ಲಿ ಸೊರಗಿ ಹೋಗುತ್ತದೆ. ಮಳೆ ಬಂದರೆ ಅಂಟು, ಬಿಸಿಲು ಬಂದರೆ ಇಟ್ಟಿಗೆ. ಆದರೆ ಅಲ್ಲಿಂದ ಕೆಲವೇ ಮೈಲಿ ದೂರದ ಈನೋ ನದಿಯ ದಂಡೆಗೆ ಹೋಗಿ ಒಂದು ಹಿಡಿ ಮಣ್ಣನ್ನು ಕೈಗೆತ್ತಿಕೊಂಡು ನೋಡಿ. ಕಂದು ಬಣ್ಣ, ಹಿಟ್ಟಿನಷ್ಟು ನುಣುಪು, ಹಿಸುಕಿದರೆ ಪುಡಿಯಾಗುವ ಹದ. ಇಷ್ಟು ಹತ್ತಿರದಲ್ಲಿ ಇಷ್ಟು ಬೇರೆ ಮಣ್ಣು ಬಂದದ್ದು ಹೇಗೆ? ಈ ಪ್ರಶ್ನೆಯನ್ನು ಬೆನ್ನು ಹತ್ತಿದರೆ ಕಾರೊಲೈನಾದ ಮುನ್ನೂರು ವರ್ಷಗಳ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ನಮ್ಮ ಕರ್ನಾಟಕದ ಹೊಳೆಸಾಲಿನ ಜನರಿಗೂ ಸಂಬಂಧಪಟ್ಟ ಮಾತಿದೆ.

ನಾನು ವೃತ್ತಿಯಲ್ಲಿ ವೈದ್ಯ, ಮಣ್ಣಿನ ಪಂಡಿತನಲ್ಲ. ಆದ್ದರಿಂದ ನನಗೆ ತಿಳಿದ ರೀತಿಯಲ್ಲೇ ಮೊದಲು ಈ ಮಣ್ಣಿನ ಗುಣವನ್ನು ಹೇಳುತ್ತೇನೆ.

ರೇವೆ ಎಂದರೇನು?

ಮಣ್ಣಿನ ಕಣಗಳನ್ನು ಗಾತ್ರಕ್ಕೆ ತಕ್ಕಂತೆ ಮೂರು ಜಾತಿ ಮಾಡುತ್ತಾರೆ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಲ್ಲಿ 2 ಮಿಲಿಮೀಟರಿನಿಂದ 0.05 ಮಿಲಿಮೀಟರಿನವರೆಗೆ ಮರಳು, 0.05ರಿಂದ 0.002ರವರೆಗೆ ರೇವೆ, ಅದಕ್ಕಿಂತ ಸಣ್ಣದು ಜೇಡಿ. ನಮ್ಮ ರಕ್ತದ ಕೆಂಪು ಕಣದ ಅಗಲ ಸುಮಾರು 0.007 ಮಿಲಿಮೀಟರ್, ಅಂದರೆ ಗಾತ್ರದಲ್ಲಿ ಅದು ರೇವೆಯ ಜಾತಿಗೆ ಸೇರುತ್ತದೆ. ಆಸ್ಪತ್ರೆಯಲ್ಲಿ ಇ.ಎಸ್.ಆರ್. ಪರೀಕ್ಷೆ ಮಾಡಿಸಿಕೊಂಡವರಿಗೆ ಗೊತ್ತಿರಬಹುದು, ರಕ್ತವನ್ನು ಒಂದು ಕೊಳವೆಯಲ್ಲಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಕೆಳಗಿಳಿದವು ಎಂದು ಅಳೆಯುತ್ತಾರೆ. ನದಿ ಮಾಡುವ ಕೆಲಸವೂ ಹೆಚ್ಚು ಕಡಿಮೆ ಅದೇ.

ಹರಿಯುವ ನೀರಿಗೆ ಕಣಗಳನ್ನು ಎತ್ತಿ ಒಯ್ಯುವ ಶಕ್ತಿಯಿದೆ. ನೆರೆ ಬಂದಾಗ ನೀರು ದಂಡೆ ಮೀರಿ ಬಯಲಿಗೆ ಹರಡುತ್ತದೆ, ಹರಡಿದೊಡನೆ ವೇಗ ಕಳೆದುಕೊಳ್ಳುತ್ತದೆ. ಭಾರವಾದ ಮರಳು ದಂಡೆಯ ಮೇಲೆಯೇ ಬಿದ್ದು ಒಂದು ಸಣ್ಣ ಏರಿಯಾಗುತ್ತದೆ. ರೇವೆ ಇನ್ನಷ್ಟು ದೂರ ಹೋಗಿ ಬಯಲಿನಲ್ಲಿ ತೆಳುವಾದ ಹಾಸಿನಂತೆ ಕೂರುತ್ತದೆ. ಜೇಡಿ ಎಲ್ಲಕ್ಕಿಂತ ಹಿಂದಿನ ತಗ್ಗಿನಲ್ಲಿ, ನಿಂತ ನೀರಿನಲ್ಲಿ, ನಿಧಾನವಾಗಿ ಇಳಿಯುತ್ತದೆ. ಹೀಗೆ ನೆರೆಯ ಮೇಲೆ ನೆರೆ ಬಂದು, ಪದರದ ಮೇಲೆ ಪದರ ಕೂಡಿ ಆದದ್ದೇ ಮೆಕ್ಕಲು ಮಣ್ಣು.

ರೇವೆ ಮಣ್ಣು ಒಣಗಿದಾಗ ಹಿಟ್ಟಿನಂತೆ, ನೆನೆದಾಗ ಜಾರುತ್ತದೆ. ಆದರೆ ಜೇಡಿಯಂತೆ ಉದ್ದನೆಯ ಬತ್ತಿಯಾಗಿ ಹೊಸೆಯಲು ಬರುವುದಿಲ್ಲ. ಬೇರಿಗೆ ಸಲೀಸು, ನೀರನ್ನು ಹಿಡಿದಿಟ್ಟು ಗಿಡಕ್ಕೆ ಕೊಡುವುದರಲ್ಲಿ ಉದಾರಿ. ಅದರಲ್ಲಿ ದೋಷಗಳೂ ಇವೆ. ಬಿರುಮಳೆ ಬಿದ್ದರೆ ಮೇಲೆ ಹಪ್ಪಳದಂತಹ ಹೆಪ್ಪು ಕಟ್ಟಿ ಮೊಳಕೆಯನ್ನು ಅದುಮುತ್ತದೆ. ತಗ್ಗಿನಲ್ಲಿ ಅಂತರ್ಜಲ ಮೇಲಿರುವುದರಿಂದ ಗಾಳಿಯಾಡದೆ ಕಬ್ಬಿಣದ ಕೆಂಪು ಬಣ್ಣ ಬೂದಿಗೆ ತಿರುಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜೇಡಿಗಿರುವ ಅಂಟು ಇದಕ್ಕಿಲ್ಲ, ಮರಳಿಗಿರುವ ತೂಕವೂ ಇಲ್ಲ. ಆದ್ದರಿಂದ ಮೂರರಲ್ಲಿ ನೀರು ಅತಿ ಸುಲಭವಾಗಿ ಹೊತ್ತೊಯ್ಯುವುದು ಇದನ್ನೇ. ಹೊಳೆ ತಂದದ್ದನ್ನು ಹೊಳೆಯೇ ಒಯ್ಯುತ್ತದೆ.

ಕನ್ನಡಿಗರು ಇದನ್ನು ಬಹಳ ಹಿಂದೆಯೇ ಬಲ್ಲರು. ಕೆರೆಯ ತಳದಲ್ಲಿ ಕೂತರೆ ಅದು ಹೂಳು, ಕೆರೆಯ ಶತ್ರು. ಅದನ್ನೇ ಬೇಸಿಗೆಯಲ್ಲಿ ತೋಡಿ ಗಾಡಿಯಲ್ಲಿ ಹೊಲಕ್ಕೆ ಹೊಡೆದರೆ ಅದು ಗೋಡು, ಬೆಳೆಯ ಮಿತ್ರ. ಮಣ್ಣು ಒಂದೇ; ಎಲ್ಲಿ ಕೂತಿದೆ ಎನ್ನುವುದರ ಮೇಲೆ ಹೆಸರು ಬದಲಾಗುತ್ತದೆ.

ಈನೋ ದಂಡೆಯ ಮೊದಲ ರೈತರು

ಇಂದಿನ ಹಿಲ್ಸ್‌ಬರೋ ಪಟ್ಟಣದ ಪಕ್ಕದಲ್ಲಿ, ಈನೋ ನದಿ ಬಳಸಿ ಹರಿಯುವ ಕಡೆ, ಆಕನೀಚಿ ಎಂಬ ಮೂಲನಿವಾಸಿಗಳ ಊರಿತ್ತು. ಇಂಗ್ಲಿಷ್ ಪ್ರವಾಸಿ ಜಾನ್ ಲಾಸನ್ 1701ರಲ್ಲಿ ಆ ಊರಿಗೆ ಬಂದಿದ್ದ. 1709ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಅದರ ವಿವರವಿದೆ. 1980ರ ದಶಕದಲ್ಲಿ ಚ್ಯಾಪೆಲ್ ಹಿಲ್‌ನ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಆ ಜಾಗವನ್ನು ಅಗೆದು ಮನೆಗಳ ಗುರುತು, ಊರ ಸುತ್ತಿನ ಬೇಲಿ, ಸಮಾಧಿಗಳನ್ನು ಕಂಡುಕೊಂಡರು. ಇವರು ಮುಸುಕಿನ ಜೋಳ, ಹುರುಳಿ ಜಾತಿಯ ಕಾಳು, ಕುಂಬಳ ಬೆಳೆಯುತ್ತಿದ್ದ ಜನ. ಅವರಲ್ಲಿ ನೇಗಿಲಿರಲಿಲ್ಲ, ಎತ್ತು ಇರಲಿಲ್ಲ. ಕೈಗುದ್ದಲಿಗೆ ದಕ್ಕುವುದು ಗುಡ್ಡದ ಕೆಂಪು ಜೇಡಿಯಲ್ಲ, ಹೊಳೆದಂಡೆಯ ಮಿದು ಮಣ್ಣು. ಆದ್ದರಿಂದ ಪೀಡ್‌ಮಾಂಟ್ ಪ್ರದೇಶದ ಹಳೆಯ ಊರುಗಳು ಹೆಚ್ಚಾಗಿ ನದಿಗಳ ಪಕ್ಕದಲ್ಲೇ ಸಿಗುತ್ತವೆ.

ಗುಡ್ಡದ ಮೇಲೆ ಆಗ ಕಾಡಿತ್ತು. ಎಲೆ ಕೊಳೆತು ಆದ ಕಪ್ಪು ಮೇಲ್ಮಣ್ಣು ಅಲ್ಲಿಯೂ ಇತ್ತು. ಇಂದು ನಮ್ಮ ಹಿತ್ತಲಿನಲ್ಲಿ ಕಾಣುವ ಬರಿಯ ಕೆಂಪು ಜೇಡಿ ಆಗ ಅದರ ಅಡಿಯಲ್ಲಿ ಅಡಗಿತ್ತು.

ಗುಡ್ಡ ಹೊಳೆಗೆ ಇಳಿದದ್ದು

ಹದಿನೆಂಟನೆಯ ಶತಮಾನದಲ್ಲಿ ಬಿಳಿಯ ವಲಸಿಗರು ಬಂದು ಕಾಡು ಕಡಿದರು. ತಂಬಾಕು, ಜೋಳ, ಮುಂದೆ ಹತ್ತಿ. ಇಳಿಜಾರಿನ ನೆಲವನ್ನು ಮೇಲಿಂದ ಕೆಳಕ್ಕೆ ಉತ್ತರು. ಒಂದು ಹೊಲ ಸತ್ವ ಕಳೆದುಕೊಂಡರೆ ಬಿಟ್ಟು ಇನ್ನೊಂದು ಕಡೆ ಕಾಡು ಕಡಿದರು. ದುಡಿದವರಲ್ಲಿ ಬಹಳ ಮಂದಿ ಆಫ್ರಿಕದಿಂದ ತಂದ ಗುಲಾಮರು ಮತ್ತು ಅವರ ಮಕ್ಕಳು. ಭೂಗೋಳ ಶಾಸ್ತ್ರಜ್ಞ ಸ್ಟ್ಯಾನ್ಲಿ ಟ್ರಿಂಬಲ್ 1974ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವರ್ಜೀನಿಯಾದಿಂದ ಅಲಬಾಮದವರೆಗಿನ ದಕ್ಷಿಣ ಪೀಡ್‌ಮಾಂಟ್ ಪ್ರದೇಶ ಸರಾಸರಿ ಸುಮಾರು ಏಳು ಅಂಗುಲ ಮೇಲ್ಮಣ್ಣನ್ನು ಕಳೆದುಕೊಂಡಿದೆ. ಏಳು ಅಂಗುಲವೆಂದರೆ ನೇಗಿಲಿನ ಆಳ. ಉಳುವ ಮಣ್ಣೇ ಹೋಯಿತು ಎಂದು ಅರ್ಥ.

ಅದು ಹೋದದ್ದು ಎಲ್ಲಿಗೆ? ಬಹುಪಾಲು ಸಮುದ್ರವನ್ನು ಸೇರಲೇ ಇಲ್ಲ. ಹಳ್ಳಕೊಳ್ಳಗಳ ಇಕ್ಕೆಲದ ಬಯಲಿನಲ್ಲಿ ಕೂತಿತು. ಅದಕ್ಕೆ ಇಂಬು ಕೊಟ್ಟವು ಹಿಟ್ಟಿನ ಗಿರಣಿಗಳ ಕಟ್ಟೆಗಳು. ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗುವ ಡರ್ಹಮ್‌ನ ವೆಸ್ಟ್ ಪಾಯಿಂಟ್ ಉದ್ಯಾನದಲ್ಲಿ 1778ರಿಂದ 1942ರವರೆಗೆ ಗಿರಣಿ ನಡೆದಿತ್ತು. ಇಂಥ ಗಿರಣಿಗಳು 1840ರ ಜನಗಣತಿಯ ಕಾಲಕ್ಕೆ ಪೂರ್ವ ಅಮೆರಿಕದಲ್ಲಿ 65,000ಕ್ಕೂ ಹೆಚ್ಚು ಇದ್ದವು. ಕಟ್ಟೆಯ ಹಿಂದೆ ನಿಂತ ನೀರಿನಲ್ಲಿ ರೇವೆ ಕೂತು ಕಣಿವೆಯ ತಳವೇ ಮೇಲೆದ್ದಿತು ಎಂಬುದನ್ನು ರಾಬರ್ಟ್ ವಾಲ್ಟರ್ ಮತ್ತು ಡಾರತಿ ಮೆರಿಟ್ಸ್ ಎಂಬ ಪೆನ್ಸಿಲ್ವೇನಿಯಾದ ಭೂವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು.

ಈ ಭಾಗದ ತೊರೆಗಳ ಕಡಿದಾದ ದಂಡೆಯನ್ನು ಗಮನಿಸಿ ನೋಡಿದರೆ ಕೆಲವು ಕಡೆ ಇದನ್ನು ನೀವೇ ಓದಬಹುದು. ಮೇಲೆ ಹಲವು ಅಡಿ ದಪ್ಪದ ಕಂದು ರೇವೆ, ಅದರ ಕೆಳಗೆ ಒಂದು ಕಪ್ಪು ಗೆರೆ. ಆ ಕಪ್ಪು ಗೆರೆ ಮೂಲನಿವಾಸಿಗಳ ಕಾಲದ ನೆಲ. ಮೇಲಿನದು ಗುಡ್ಡದ ಹೊಲಗಳಿಂದ ಇಳಿದು ಬಂದದ್ದು. ಗುಡ್ಡದ ಮೇಲಿನ ನಮ್ಮ ಹಿತ್ತಲುಗಳಲ್ಲಿ ಕಾಣೆಯಾದ ಮೇಲ್ಮಣ್ಣು ಅಲ್ಲಿದೆ!

ಇದನ್ನು ದೇಶದ ಕಣ್ಣಿಗೆ ಬೀಳುವಂತೆ ಮಾಡಿದವರು ನಮ್ಮ ರಾಜ್ಯದವರೇ. ಹ್ಯೂ ಹ್ಯಾಮಂಡ್ ಬೆನೆಟ್ 1881ರಲ್ಲಿ ಆನ್ಸನ್ ಕೌಂಟಿಯ ವೇಡ್ಸ್‌ಬರೋ ಬಳಿಯ ಹತ್ತಿ ಬೆಳೆಯುವ ಮನೆತನದಲ್ಲಿ ಹುಟ್ಟಿ, 1903ರಲ್ಲಿ ಚ್ಯಾಪೆಲ್ ಹಿಲ್‌ನಲ್ಲಿ ಪದವಿ ಪಡೆದವರು. ಮಣ್ಣಿನ ಸಮೀಕ್ಷೆಯ ಕೆಲಸಕ್ಕೆ ಸೇರಿ ಊರೂರು ಅಲೆದರು. ಮಣ್ಣಿನ ಸವೆತ ರಾಷ್ಟ್ರಕ್ಕೇ ಅಪಾಯವೆಂದು 1928ರಲ್ಲಿ ಬರೆದರು. 1935ರ ವಸಂತದಲ್ಲಿ ಅವರು ವಾಷಿಂಗ್ಟನ್ನಿನ ಸೆನೆಟ್ ಸಮಿತಿಯ ಮುಂದೆ ಮಾತನಾಡುತ್ತಿದ್ದ ದಿನಗಳಲ್ಲೇ ಪಶ್ಚಿಮದ ಬಯಲುಗಳ ಧೂಳು ರಾಜಧಾನಿಯ ಆಕಾಶಕ್ಕೂ ಬಂದಿತ್ತು. ಆ ವರ್ಷ ಏಪ್ರಿಲ್ 27ರಂದು ಮಣ್ಣು ಸಂರಕ್ಷಣೆಯ ಕಾಯ್ದೆ ಬಂತು. 1937ರಲ್ಲಿ ದೇಶದ ಮೊದಲ ಮಣ್ಣು ಸಂರಕ್ಷಣಾ ಜಿಲ್ಲೆಯಾದ ಬ್ರೌನ್ ಕ್ರೀಕ್ ಆರಂಭವಾದದ್ದು ಅವರು ಹುಟ್ಟಿದ ಕೌಂಟಿಯಲ್ಲೇ.

ತಗ್ಗು ಯಾರ ಪಾಲಿಗೆ?

ಇಷ್ಟು ಹೊತ್ತು ಮಣ್ಣಿನ ಮಾತಾಯಿತು. ಇನ್ನು ಆ ಮಣ್ಣಿನ ಮೇಲೆ ಮನೆ ಕಟ್ಟಿಕೊಂಡವರ ಮಾತು. ರಾಲಿಯಿಂದ ಪೂರ್ವಕ್ಕೆ ಒಂದೂವರೆ ಗಂಟೆಯೊಳಗಿನ ದಾರಿಯಲ್ಲಿ, ಟಾರ್ ನದಿಯ ದಂಡೆಯಲ್ಲಿ ಟಾರ್ಬರೋ ಪಟ್ಟಣವಿದೆ. ನದಿಯ ಆಚೆ ತಗ್ಗಿನಲ್ಲಿ ಪ್ರಿನ್ಸ್‌ವಿಲ್ ಎಂಬ ಪುಟ್ಟ ಊರು. ಅಂತರ್ಯುದ್ಧ ಮುಗಿದ 1865ರಲ್ಲಿ ಬಿಡುಗಡೆಯಾದ ಗುಲಾಮರು ಇಲ್ಲಿ ನೆಲೆ ನಿಂತು ಇದನ್ನು ಫ್ರೀಡಮ್ ಹಿಲ್, ಅಂದರೆ ಸ್ವಾತಂತ್ರ್ಯದ ಗುಡ್ಡ, ಎಂದು ಕರೆದರು. 1885ರಲ್ಲಿ ಅದು ಕಪ್ಪುಜನರೇ ಕಟ್ಟಿ ಆಳುವ ಅಧಿಕೃತ ಪಟ್ಟಣವಾಯಿತು. ಟರ್ನರ್ ಪ್ರಿನ್ಸ್ ಎಂಬ ಬಡಗಿಯ ಹೆಸರನ್ನು ಊರಿಗೆ ಇಟ್ಟರು.

ಹೆಸರು ಗುಡ್ಡವಾದರೂ ಊರು ಇದ್ದದ್ದು ನೆರೆಬಯಲಿನಲ್ಲಿ. ಎತ್ತರದ ನೆಲ ಜಮೀನುದಾರರದು. ಅವರಿಗೆ ಬೇಡವಾದ ತಗ್ಗು ಇವರ ಪಾಲಿಗೆ ಬಂತು. ಮೇಲಿನ ಹೊಲಗಳನ್ನು ಬಲವಂತಕ್ಕೆ ಉತ್ತವರು ಇವರೇ, ಆ ಹೊಲಗಳ ನೀರು ಹರಿದು ಬರುವ ಕಡೆ ಬದುಕಬೇಕಾದವರೂ ಇವರೇ. 1919, 1924, 1940, 1958, ಹೀಗೆ ನದಿ ಮತ್ತೆ ಮತ್ತೆ ಊರಿಗೆ ನುಗ್ಗಿತು. (1924 ಎಂದರೆ ನಮ್ಮ ಕಾವೇರಿಗೂ ಮಹಾನೆರೆ ಬಂದ ವರ್ಷ, ಹಿರಿಯರು ಅದರ ಕಥೆ ಹೇಳುವುದನ್ನು ನಮ್ಮಲ್ಲಿ ಕೆಲವರಾದರೂ ಕೇಳಿರಬಹುದು.) 1967ರಲ್ಲಿ ಸೇನೆಯ ಎಂಜಿನಿಯರುಗಳು ಮಣ್ಣಿನ ಏರಿ ಕಟ್ಟಿ ಮುಗಿಸಿದರು. ಮೂವತ್ತು ವರ್ಷ ಊರು ನೆಮ್ಮದಿಯಾಗಿತ್ತು.

1999ರ ಸೆಪ್ಟೆಂಬರಿನಲ್ಲಿ ಡೆನ್ನಿಸ್ ಚಂಡಮಾರುತ ನೆಲವನ್ನು ನೆನೆಸಿ ಹೋದ ಮೇಲೆ, 16ರಂದು ಫ್ಲಾಯ್ಡ್ ಬಂತು. ಟಾರ್ಬರೋದಲ್ಲಿ 19 ಅಡಿಗೆ ನೆರೆ ಎನ್ನುವ ನದಿ 41 ಅಡಿ ದಾಟಿತು. ನೀರು ಏರಿಯನ್ನು ಬಳಸಿ, ದಾಟಿ ಒಳಗೆ ಬಂದು ಹತ್ತು ದಿನ ನಿಂತಿತು. ಸುಮಾರು ಎರಡು ಸಾವಿರ ಜನ ಮನೆ ಕಳೆದುಕೊಂಡರು. ಸ್ಮಶಾನದ ಶವಪೆಟ್ಟಿಗೆಗಳು ಮೇಲೆದ್ದು ತೇಲಿದವು.

ಆಮೇಲೆ ಸರ್ಕಾರ ಮುಂದಿಟ್ಟ ಆಯ್ಕೆ ಎರಡು: ಮನೆಗಳನ್ನು ಸರ್ಕಾರಕ್ಕೆ ಮಾರಿ ಊರು ಬಿಡುವುದು, ಇಲ್ಲವೇ ಏರಿಯನ್ನು ಮತ್ತೆ ಕಟ್ಟಿಸಿಕೊಂಡು ಅಲ್ಲೇ ಉಳಿಯುವುದು. ಊರಿನ ಆಡಳಿತ ಮಂಡಳಿ ಮೂರಕ್ಕೆ ಎರಡು ಮತಗಳಿಂದ ಉಳಿಯುವ ತೀರ್ಮಾನ ಮಾಡಿತು. 2016ರ ಅಕ್ಟೋಬರಿನಲ್ಲಿ ಮ್ಯಾಥ್ಯೂ ಚಂಡಮಾರುತದಲ್ಲಿ ಊರು ಮತ್ತೆ ಮುಳುಗಿತು. ಅನಂತರ ನೆರೆಬಯಲಿನ ಹೊರಗೆ ಸುಮಾರು 53 ಎಕರೆ ಎತ್ತರದ ನೆಲವನ್ನು ಊರಿಗಾಗಿ ಕೊಂಡರು.

ಅಲ್ಲೇ ಉಳಿದದ್ದು ಹಟವೇ, ಮೂರ್ಖತನವೇ? ಹಾಗೆ ತೀರ್ಪು ಕೊಡುವ ಮೊದಲು ನಮ್ಮ ಊರನ್ನು ನೆನೆಯೋಣ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಬಂದ ನೆರೆಗೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಮಲಪ್ರಭೆ, ಕೃಷ್ಣೆ, ತುಂಗಭದ್ರೆಯರ ದಂಡೆಯ ಹಳ್ಳಿಗಳನ್ನು ಎತ್ತರಕ್ಕೆ ಸಾಗಿಸಲು "ಆಸರೆ" ಯೋಜನೆಯಲ್ಲಿ ಮನೆಗಳನ್ನು ಕಟ್ಟಿದರು. ಆದರೆ ಹೊಲ, ದನದ ಕೊಟ್ಟಿಗೆ, ಊರ ದೇವರು ಕೆಳಗೆ, ಹೊಸ ಮನೆ ಮೇಲೆ. ಹೊಳೆಸಾಲಿನ ಎರೆಹೊಲದ ರೈತನಿಗೆ ಮನೆ ಬೇರೆ, ಮಣ್ಣು ಬೇರೆ ಅಲ್ಲ. ಹಳೆಯ ಊರಿನಲ್ಲೇ ಉಳಿದವರು, ಮರಳಿ ಬಂದವರು ಬಹಳ. 2019ರ ಆಗಸ್ಟಿನಲ್ಲಿ ನೀರು ಮತ್ತೆ ಬಂತು. ಪ್ರಿನ್ಸ್‌ವಿಲ್‌ನವರಿಗೆ ಅದು ಅಜ್ಜ ಅಜ್ಜಿಯರು ಬಿಡುಗಡೆಯಾಗಿ ಕಾಲೂರಿದ ಮೊದಲ ನೆಲ. ಬಾಗಲಕೋಟೆಯ ರೈತನಿಗೆ ಅದು ಅನ್ನ. ಎರಡು ಕಡೆಯೂ ಬಿಟ್ಟು ಬಾ ಎನ್ನುವುದು ಸುಲಭ, ಬಿಡುವುದು ಕಷ್ಟ.

ಮಣ್ಣು ಹೊಲದಲ್ಲೇ ನಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಹೊಸಪೇಟೆಯ ತುಂಗಭದ್ರಾ ಜಲಾಶಯವೇ ಸಾಕ್ಷಿ. 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದದ್ದು 2016ರ ಅಳತೆಯಲ್ಲಿ ಸುಮಾರು 105ಕ್ಕೆ ಇಳಿದಿತ್ತು. ಉಳಿದ ಜಾಗ ಹೂಳಿನದು.

ನಮ್ಮ ಮನೆಬಾಗಿಲಲ್ಲಿ

ಇದು ಪರರ ಕಥೆಯೆಂದು ತಿಳಿಯಬೇಡಿ. ನಾವೆಲ್ಲ ದೀಪಾವಳಿಯ ಹೊತ್ತಿಗೆ ಬಟ್ಟೆ ಕೊಳ್ಳಲು ಹೋಗುವ ರಾಲಿಯ ಕ್ರ್ಯಾಬ್‌ಟ್ರೀ ವ್ಯಾಲಿ ಮಾಲ್ 1972ರಲ್ಲಿ ಕ್ರ್ಯಾಬ್‌ಟ್ರೀ ತೊರೆಯ ನೆರೆಬಯಲಿನ ಮೇಲೆಯೇ ಎದ್ದದ್ದು. ಮರುವರ್ಷವೇ ನೀರು ಒಳಗೆ ಬಂತು. 1996ರಲ್ಲಿ ಫ್ರಾನ್, 2025ರ ಜುಲೈನಲ್ಲಿ ಷಾಂಟಾಲ್: ಎರಡರಲ್ಲೂ ಈನೋ ಉಕ್ಕಿತು. ಷಾಂಟಾಲ್ ಬಂದಾಗ ಚ್ಯಾಪೆಲ್ ಹಿಲ್ ಮತ್ತು ಡರ್ಹಮ್‌ನಲ್ಲಿ ಮನೆ ಅಂಗಡಿಗಳಿಗೆ ನೀರು ನುಗ್ಗಿತು.

ಆದ್ದರಿಂದ ಹೊಸ ಮನೆ ನೋಡುತ್ತಿರುವ ಕುಟುಂಬಗಳಿಗೆ ಒಂದು ಮಾತು. ಮನೆಯ ಹಿಂದೆ ತೊರೆ ಇದ್ದರೆ ಅಂದ ನಿಜ. ಸರ್ಕಾರದ ನೆರೆ ನಕ್ಷೆಯನ್ನು ನೋಡಿ, ಜೊತೆಗೆ ಮಣ್ಣನ್ನೂ ನೋಡಿ. ಒಂದು ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಅಲುಗಿಸಿ ಇಡಿ. ಒಂದು ನಿಮಿಷದಲ್ಲಿ ಮರಳು ಕೂರುತ್ತದೆ, ಎರಡು ಗಂಟೆಯಲ್ಲಿ ರೇವೆ, ಜೇಡಿ ಇಳಿಯಲು ಒಂದೆರಡು ದಿನ. ಮಕ್ಕಳಿಗೂ ಇದು ಒಳ್ಳೆಯ ಆಟ. ತೊರೆಯ ಪಕ್ಕದ ಮಣ್ಣಿನಲ್ಲಿ ರೇವೆಯ ಪದರವೇ ದಪ್ಪವಾಗಿ ಕಂಡರೆ, ಹೊಳೆ ಇಲ್ಲಿಗೆ ಹಿಂದೆ ಬಂದಿರಬಹುದು ಎಂದು ತಿಳಿದು ಇನ್ನಷ್ಟು ವಿಚಾರಿಸಿ. ಅಂಥ ಕಡೆ ಮನೆಗಿಂತ ತೋಟ ಲೇಸು. ಇನ್ನು ಗುಡ್ಡದ ಮೇಲಿನ ಕೆಂಪು ಜೇಡಿ ಸಿಕ್ಕವರು ಬೇಸರಿಸಬೇಡಿ. ಶರತ್ಕಾಲದಲ್ಲಿ ಬಿದ್ದ ಎಲೆಗಳನ್ನು ಚೀಲಕ್ಕೆ ತುಂಬಿ ರಸ್ತೆಗಿಡುವ ಬದಲು ಹಿತ್ತಲಲ್ಲೇ ಕೊಳೆಯಲು ಬಿಡಿ. ಏಳು ಅಂಗುಲ ಹೋಗಲು ಇನ್ನೂರು ವರ್ಷ ಹಿಡಿಯಿತು. ಒಂದೆರಡು ಅಂಗುಲವನ್ನಾದರೂ ನಮ್ಮ ಕಾಲದಲ್ಲಿ ಹಿಂದಕ್ಕೆ ತರಬಹುದು. ಹೀರೆಕಾಯಿಗೆ ಅಷ್ಟು ಸಾಕು.