ಆಕಾಶದ ತೂತುಗಳು ಮೋಡಗಳಾದ ಕಥೆ

ನಕ್ಷತ್ರಗಳ ನಡುವಿನ ಕೆಲವು ಕಪ್ಪು ತಾಣಗಳನ್ನು 18ನೇ ಶತಮಾನದಲ್ಲಿ ವಿಲಿಯಂ ಹರ್ಷೆಲ್ ಆಕಾಶದ ತೂತುಗಳೆಂದೇ ಬಗೆದಿದ್ದರು. 1919ರಲ್ಲಿ ಎಡ್ವರ್ಡ್ ಬರ್ನಾರ್ಡ್ ಅಂಥ 182 ತಾಣಗಳ ಪಟ್ಟಿ ಪ್ರಕಟಿಸಿದರು. ಅವುಗಳಲ್ಲಿ ಹಲವು ಹಿಂದಿನ ಬೆಳಕನ್ನು ಮರೆಮಾಡುವ ಮೋಡಗಳೆಂಬುದು ಅಷ್ಟರಲ್ಲಿ ಅವರಿಗೆ ಮನವರಿಕೆಯಾಗಿತ್ತು.

ಆದರೆ ಫೋಟೊದಲ್ಲಿ ಮೋಡದ ಒಳಗು ಕಾಣದು. 1970ರಲ್ಲಿ ವಿಲ್ಸನ್, ಜೆಫರ್ಟ್ಸ್ ಮತ್ತು ಪೆಂಜಿಯಾಸ್ ಓರಾಯನ್ ನೀಹಾರಿಕೆಯ ಕಾರ್ಬನ್ ಮಾನಾಕ್ಸೈಡ್ ಹೊಮ್ಮಿಸುವ 2.6 ಮಿಲಿಮೀಟರ್ ರೇಡಿಯೊ ಅಲೆಯನ್ನು ಹಿಡಿದರು. ಆ ಅಲೆಯ ಉದ್ದದಲ್ಲಾಗುವ ಸಣ್ಣ ವ್ಯತ್ಯಾಸದಿಂದ ಅನಿಲ ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ತಿಳಿಯುತ್ತದೆ. ಹೀಗೆ ಆಕಾಶದ ಪ್ರತಿ ಬಿಂದುವಿಗೂ ವೇಗಗಳ ಒಂದು ಸಾಲು ಸೇರಿತು. ಹಾಳೆಯಂತಿದ್ದ ಮಾಹಿತಿ ಘನಾಕೃತಿಯಾಯಿತು.

ಅದನ್ನು ನೋಡುವುದು ಹೇಗೆ? ಹಾರ್ವರ್ಡಿನ ಅಲಿಸ್ಸಾ ಗುಡ್‌ಮನ್ ಅವರ ತಂಡ, ವೈದ್ಯಕೀಯ ಸ್ಕ್ಯಾನ್‌ಗಳಿಗೆಂದು ಬೆಳೆದ ‘ತ್ರೀಡಿ ಸ್ಲೈಸರ್’ ತಂತ್ರಾಂಶದಲ್ಲಿ ಪರ್ಸಿಯಸ್ ಮೋಡದ ಮಾಹಿತಿಯನ್ನು ಹಾಕಿ ನೋಡಿತು. 2009ರಲ್ಲಿ ‘ನೇಚರ್’ನಲ್ಲಿ ಬಂದ ಅವರ ಲೇಖನದ ಪಿಡಿಎಫ್‌ನಲ್ಲಿ ಓದುಗರೇ ಮೋಡವನ್ನು ತಿರುಗಿಸಿ ನೋಡಬಹುದಿತ್ತು.

ಆದರೆ ಆ ಘನದ ಮೂರನೇ ಬದಿ ಆಳವಲ್ಲ, ವೇಗ. ಬೇರೆ ಬೇರೆ ದೂರದಲ್ಲಿದ್ದು ಒಂದೇ ವೇಗದಲ್ಲಿ ಸಾಗುವ ಎರಡು ಮೋಡಗಳು ಅಲ್ಲಿ ಒಂದಾಗಿ ಕಾಣಬಹುದು. ಆಗ ಯಾವ ಮುದ್ದೆ ತನ್ನ ಭಾರಕ್ಕೇ ಕುಸಿದು ನಕ್ಷತ್ರವಾಗುತ್ತದೆ ಎಂಬ ಲೆಕ್ಕವೇ ತಪ್ಪುತ್ತದೆ. ಚಿತ್ರ ಎಷ್ಟೇ ಚೆಂದವಿರಲಿ, ಅದರ ಒಂದೊಂದು ಬದಿಯೂ ಏನನ್ನು ಅಳೆಯುತ್ತಿದೆ ಎಂದು ಮೊದಲು ಕೇಳಿಕೊಳ್ಳಬೇಕು.